ಐದು ಬಾವಿಯ ಹಗ್ಗ

ನಾನು ನಿಂತಿದ್ದದ್ದು ಚಾವಡಿಯ ಒಳಗೆ, ಬಾಗಿಲಿನಿಂದ ಎಡಕ್ಕೆ ಎರಡನೆಯ ಕಂಬದ ಹತ್ತಿರ. ಕಂಬಕ್ಕೆ ಒರಗಿರಲಿಲ್ಲ. ಬಲಗೈಯಲ್ಲಿ ವಹಿ ಇತ್ತು. ದಿನ ಮಂಗಳವಾರ, ಶಿವರಾತ್ರಿ ಮುಗಿದ ಮೇಲೆ ಬಂದ ನಾಲ್ಕನೆಯ ಸೋಮವಾರದ ಮರುದಿನ. ಯುಗಾದಿಗೆ ಎಂಟು ದಿನ ಉಳಿದಿತ್ತು. ಅದೇ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ದೊಡ್ಡ ಯುದ್ಧ ಶುರುವಾದ ಸುದ್ದಿ ನಮ್ಮೂರಿಗೆ ಬಂತು. ಚಾವಡಿಯಲ್ಲಿ ಗಡಿಯಾರ ಇರಲಿಲ್ಲ. ಹೊರಗಿನ ಬೇವಿನ ಮರದ ನೆರಳು ಮೂರನೆಯ ಮೆಟ್ಟಿಲಿನ ಅಂಚಿಗೆ ಬಂದಿತ್ತು. ಆ ದಿನಗಳಲ್ಲಿ ಅದು ಅಲ್ಲಿಗೆ ಬರುವುದು ಒಂಬತ್ತು ಗಂಟೆಗೆ. ಆಮೇಲೆ ಬೇರೆ ಬೇರೆ ವರ್ಷಗಳಲ್ಲಿ ಹೋಗಿ ನಿಂತು ಖಾತ್ರಿ ಮಾಡಿಕೊಂಡಿದ್ದೇನೆ.

ಹೀಗೆ ಬರೆಯಲು ಕಲಿಸಿದವರು ನಮ್ಮ ಮಾಸ್ತರು. ಹೋದ ತಿಂಗಳು ಹಾನಗಲ್ಲಿನಿಂದ ಅವರ ಮಗಳ ಕಾರ್ಡು ಬಂತು. ಅಪ್ಪ ತೀರಿಕೊಂಡರು, ಅವರ ಟ್ರಂಕಿನಲ್ಲಿ ಒಂದು ಹಳೆಯ ವಹಿ ಸಿಕ್ಕಿತು, ಮೊದಲ ಹಾಳೆಯಲ್ಲಿ ನಿಮ್ಮ ಹೆಸರು, ಊರು ಇದೆ, ಬೇಕಾದರೆ ಕಳಿಸುತ್ತೇನೆ ಎಂದು ಬರೆದಿದ್ದರು. ಆ ಕಾರ್ಡಿಗೆ ಇನ್ನೂ ಉತ್ತರ ಬರೆದಿಲ್ಲ. ಉತ್ತರಕ್ಕೆ ಕುಳಿತಾಗಲೆಲ್ಲ ಇದನ್ನು ಬರೆಯುತ್ತಿದ್ದೇನೆ.

ಅವರ ಹೆಸರು ಬೇಡ. ಊರಿನ ಹೆಸರೂ ಬೇಡ. ಹಿರೇಕೆರೂರಿನಿಂದ ಮಾಸೂರಿನ ಕಡೆಗೆ ಒಂದು ಹರದಾರಿ ಎಂದರೆ ಸಾಕು. ಮಾಸ್ತರು ಹಾನಗಲ್ಲಿನವರು, ಶಿಗ್ಗಾಂವಿಯಲ್ಲಿ ಕೆಲವು ವರ್ಷ ಕಲಿಸಿ ನಮ್ಮಲ್ಲಿಗೆ ಬಂದಿದ್ದರು. ನಾನಾಗ ಆರನೆಯ ಇಯತ್ತೆಯಲ್ಲಿದ್ದೆ. ಮುಂದಿನ ವರ್ಷ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂರಬೇಕಾದವನು.

ಅವರು ಕಪ್ಪು ಕೋಟಿನ ಎಡ ಕಿಸೆಯಲ್ಲಿ ಸವಣೂರಿನ ವೀಳ್ಯದೆಲೆ, ಬಲ ಕಿಸೆಯಲ್ಲಿ ಸೀಮೆಸುಣ್ಣ ಇಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಎರಡೂ ಒಂದೇ ಕಿಸೆಗೆ ಬಂದಿರುತ್ತಿದ್ದವು. ಎಲೆಗೆಲ್ಲ ಬಿಳಿ ಪುಡಿ. “ನಮ್ಮ ಮಾಸ್ತರಿಗೆ ಸುಣ್ಣದ ಡಬ್ಬಿ ಖರ್ಚು ಇಲ್ಲ ನೋಡ್ರಿ” ಎಂದು ಅಪ್ಪ ನಮ್ಮ ಅಂಗಡಿಯ ಕಟ್ಟೆಯ ಮೇಲೆ ಕುಳಿತವರನ್ನು ನಗಿಸುತ್ತಿದ್ದ. ಮಾಸ್ತರ ಕೊಡೆಯ ಕೋಲಿನ ಮೇಲೆ ಚಾಕುವಿನಿಂದ ಕೊರೆದ ಇಂಚಿನ ಗೆರೆಗಳಿದ್ದವು. ಬಾಗಿಲು ಕಂಡರೆ ಬಾಗಿಲು, ಹೊಸದಾಗಿ ಹುಟ್ಟಿದ ಕರು ಕಂಡರೆ ಕರು, ಎಲ್ಲವನ್ನೂ ಆ ಕೋಲಿನಿಂದ ಅಳೆಯುತ್ತಿದ್ದರು. ಗೌಡರ ಮೀಸೆಯೊಂದು ಬಾಕಿ ಉಳಿದಿದೆ ಎಂದು ಊರವರು ಆಡಿಕೊಳ್ಳುತ್ತಿದ್ದರು. ಗೌಡರ ಕಿವಿಗೂ ಅದು ಬಿದ್ದು, ಒಮ್ಮೆ ದಾರಿಯಲ್ಲಿ ಮಾಸ್ತರನ್ನು ನಿಲ್ಲಿಸಿ, “ಅಳದ ಬಿಡ್ರಿ ಮಾಸ್ತರ್ರ, ಇದೊಂದು ಯಾಕ ಬಾಕಿ” ಎಂದು ಮುಖ ಮುಂದೆ ಮಾಡಿದ್ದರು. ಮಾಸ್ತರು ನಿಜವಾಗಿಯೂ ಕೊಡೆ ಎತ್ತಿದರು. ಬಲಗಡೆ ಕಾಲು ಇಂಚು ಉದ್ದ ಇದೆ ಎಂದರು. ಗೌಡರು ತಿಂಗಳುಗಟ್ಟಲೆ ಅದನ್ನೇ ಹೇಳಿಕೊಂಡು ನಗುತ್ತಿದ್ದರು. ಇದನ್ನು ಬರೆಯುವುದು ಏಕೆಂದರೆ, ಆ ಇಬ್ಬರ ನಡುವೆ ಮೊದಲು ವೈರ ಇರಲಿಲ್ಲ.

ಪಾಠದ ಪುಸ್ತಕ ಅವರು ಬೇಗ ಮುಗಿಸುತ್ತಿದ್ದರು. ಉಳಿದ ಹೊತ್ತು ಅವರ ಮಾತಿನಲ್ಲಿ ‘ಕಣ್ಣಿನ ಕೆಲಸ’. ಒಂದು ಸಂಗತಿ ಹಿಡಿದು ವಾರ, ತಿಂಗಳು ನೋಡಬೇಕು, ನೋಡಿದ್ದನ್ನು ವಹಿಯಲ್ಲಿ ಬರೆಯಬೇಕು. ಬರೆದು ತಂದರೆ ಅವರು ಮೂರು ಪ್ರಶ್ನೆ ಕೇಳುತ್ತಿದ್ದರು. ಎಲ್ಲಿ ನಿಂತಿದ್ದಿ? ಎಷ್ಟು ಹೊತ್ತಿಗೆ? ಮತ್ತ್ಯಾರು ನೋಡಿದರು? ಮೂರಕ್ಕೂ ಉತ್ತರ ಇಲ್ಲದಿದ್ದರೆ ಬರೆದದ್ದರ ಮೇಲೆ ಅಡ್ಡಗೆರೆ.

ಹಿರೇಕೆರೂರಿನ ಸಂತೆಗೆ ನಮ್ಮೂರ ಮೇಲೆ ಹಾದುಹೋಗುವ ಗಾಡಿಗಳನ್ನು ಎಣಿಸಿ ಎಂದಿದ್ದರು ಒಮ್ಮೆ. ಒಬ್ಬ ಹುಡುಗ “ಸುಮಾರು ನೂರು” ಎಂದು ಬರೆದು ತಂದ.

“ಸುಮಾರು ಅನ್ನೋ ಗಾಡಿ ಯಾವೂರಿಂದೋ?” ಎಂದರು ಮಾಸ್ತರು. “ಅದಕ್ಕ ಎತ್ತು ಎಷ್ಟು ಹೂಡಿದ್ರು?”

ಆ ಹುಡುಗನಿಗೆ ಶಾಲೆ ಬಿಡುವ ತನಕ ಸುಮಾರ್ಯಾ ಎಂದೇ ಹೆಸರು ಉಳಿಯಿತು.

ನನ್ನ ಸರದಿಯೂ ಬಂತು. ಶಾಲೆಯ ಮುಂದಿನ ಕಂಬದ ನೆರಳನ್ನು ಮಧ್ಯಾಹ್ನ ದಿನಾಲು ಅಳೆದು ಬರೆಯುವ ಕೆಲಸ ನನ್ನದು. ಶಾಲೆಗೆ ಸೂಟಿ ಇದ್ದ ಎರಡು ದಿನ ಜ್ವರ ಬಂದು ಮನೆಯಲ್ಲಿ ಮಲಗಿದೆ. ಹಿಂದಿನ ದಿನದ ಅಳತೆ ಗೊತ್ತಿತ್ತು, ಮುಂದಿನ ದಿನದ್ದೂ ಗೊತ್ತಾಯಿತು. ನಡುವಿನ ಎರಡನ್ನು ನಾನೇ ಲೆಕ್ಕ ಹಾಕಿ ತುಂಬಿದೆ. ಮಾಸ್ತರು ವಹಿ ನೋಡಿದರು. ಕಿಸೆಯಿಂದ ಎಲೆ ತೆಗೆದು ಬೆನ್ನಿನ ನಾರು ಬಿಡಿಸಿದರು.

“ಎರಡು ದಿನ ಛಂದ ಬರದೀ. ಎಲ್ಲಿ ನಿಂತಿದ್ದಿ?”

“ಕಂಬದ ಹತ್ರರಿ.”

“ಆ ಎರಡು ದಿನ ಮಾಡ ಹಾಕಿತ್ತಲ್ಲೋ ತಮ್ಮಾ. ನೆರಳ ಎಲ್ಲಿಂದ ಬಂತು?”

ತರಗತಿ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಅವರು ಹೊಡೆಯಲೂ ಇಲ್ಲ. ಆ ಎರಡು ಸಾಲು ಹೊಡೆದುಹಾಕಿ, ಪಕ್ಕದಲ್ಲಿ ನನ್ನ ಕೈಯಿಂದಲೇ ‘ನೋಡಲಿಲ್ಲ’ ಎಂದು ಬರೆಸಿದರು. “ನೋಡಲಿಲ್ಲ ಅಂತ ಬರಿಯೋದೂ ಕೆಲಸನ. ನಾಚಬ್ಯಾಡ” ಎಂದರು. ಮರುದಿನದಿಂದ ಇಡೀ ತರಗತಿಯ ವಹಿ ಬರೆಯುವ ಕೆಲಸ ನನಗೆ ಕೊಟ್ಟರು. ಸುಳ್ಳು ಬರೆದವನಿಗೆ ವಹಿ ಕೊಟ್ಟದ್ದು ಏಕೆ ಎಂದು ಆಗ ತಿಳಿಯಲಿಲ್ಲ. ನಾನು ಮಾತ್ರ ಅಂದಿನಿಂದ ಕಂಡದ್ದನ್ನು ಕಂಡ ಹಾಗೆ ಬರೆಯುವುದರಲ್ಲಿ ಹಟಮಾರಿಯಾದೆ. ಅವರ ಮುಂದೆ ಇನ್ನೊಮ್ಮೆ ಸಿಕ್ಕಿಬೀಳಬಾರದು ಎಂಬ ಹೆದರಿಕೆ ಅದು. ಅದನ್ನು ನಾನು ಸತ್ಯದ ಮೇಲಿನ ಪ್ರೀತಿ ಎಂದುಕೊಂಡಿದ್ದೆ.

ಇನ್ನೊಂದು ಪದ್ಧತಿ ಹೇಳಬೇಕು. ಮಾಸ್ತರು ಪಾಠದ ನಡುವೆ ಬೇಕೆಂದೇ ಒಂದು ತಪ್ಪು ಹೇಳಿ, ಮುಖ ಗಂಭೀರ ಮಾಡಿಕೊಂಡು ನಿಲ್ಲುತ್ತಿದ್ದರು. ಯಾರು ಎದ್ದು ನಿಂತು “ಇಲ್ರಿ ಮಾಸ್ತರ್ರ” ಎನ್ನುತ್ತಾರೆ ಎಂದು ಕಾಯುತ್ತಿದ್ದರು. ತಪ್ಪು ಹಿಡಿದವನಿಗೆ ಆ ದಿನ ಸಂಜೆ ಅವರ ಕೊಡೆ ಹಿಡಿದು ಮನೆಯವರೆಗೆ ಜೊತೆಗೆ ಹೋಗುವ ಮಾನ. ಆ ಕೊಡೆಗಾಗಿ ನಾವು ಒಬ್ಬರನ್ನೊಬ್ಬರು ತಳ್ಳುತ್ತಿದ್ದೆವು. ನಾನು ಏಳು ಸಲ ಹಿಡಿದಿದ್ದೇನೆ. ಎಂಟನೆಯದೂ ಒಂದು ಇದೆ. ಅದು ಮುಂದೆ ಬರುತ್ತದೆ.

ಶಿವರಾತ್ರಿ ಮುಗಿದ ಮೇಲೆ ಅವರು ಆ ವರ್ಷದ ದೊಡ್ಡ ಕೆಲಸ ಹೇಳಿದರು. ಪ್ರತಿ ಸೋಮವಾರ ಊರಿನ ಎಲ್ಲ ಬಾವಿಗಳ ನೀರು ಎಷ್ಟು ಕೆಳಗಿಳಿದಿದೆ ಎಂದು ಅಳೆಯಬೇಕು. ಮಳೆ ಬರುವ ತನಕ. ಯಾವ ಬಾವಿ ಮೊದಲು ಬತ್ತುತ್ತದೆ, ಅದೇ ಏಕೆ ಎಂದು ನೋಡಬೇಕು.

“ನಮ್ಮೂರಾಗ ಬಾಂವಿ ನಾಲ್ಕು” ಎಂದರು.

“ಐದು ಅದಾವ್ರಿ ಮಾಸ್ತರ್ರ” ಎಂದಿತು ಹೊರಗಿನಿಂದ ಒಂದು ದನಿ.

ಅದು ಯಲ್ಲಪ್ಪನದು. ಅವನು ಕೇರಿಯ ಹುಡುಗ. ಆಗ ಕೇರಿಯವರು ತರಗತಿಯ ಒಳಗೆ ಕುಳಿತುಕೊಳ್ಳುವಂತಿರಲಿಲ್ಲ. ಹೊರಗಿನ ಕಟ್ಟೆಯ ಮೇಲೆ, ಬಾಗಿಲಿಗೆ ಓರೆಯಾಗಿ ಕೂರಬೇಕಿತ್ತು. ಮಾಸ್ತರು ಬಂದ ಹೊಸತರಲ್ಲಿ ಅವನನ್ನು ಒಳಗೆ ಕರೆಯಲಿಲ್ಲ. ತಮ್ಮ ಖುರ್ಚಿಯನ್ನೇ ಹೊಸ್ತಿಲಿಗೆ ತಂದು ಹಾಕಿಕೊಂಡರು. ಒಳಗಿನ ನಮಗೂ ಹೊರಗಿನ ಅವನಿಗೂ ಅವರ ಒಂದೊಂದು ಕಿವಿ ಸಿಗುತ್ತಿತ್ತು. ಅದಕ್ಕಿಂತ ಹೆಚ್ಚು ಅವರು ಮಾಡಲಿಲ್ಲ, ಕಡಿಮೆಯೂ ಮಾಡಲಿಲ್ಲ.

“ಐದನೇದು ಯಾವುದೋ?”

“ನಮ್ಮದ್ರಿ. ಕೇರೀದು.”

ಮಾಸ್ತರು ಎಲೆ ತೆಗೆದರು, ಬಾಯಿಗೆ ಹಾಕಿಕೊಳ್ಳಲಿಲ್ಲ. ಬೇಕೆಂದೇ ನಾಲ್ಕು ಎಂದಿದ್ದರೋ, ನಿಜವಾಗಿಯೇ ಮರೆತಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ. “ಖರೆ. ಐದು” ಎಂದರು. ಸಂಜೆ ಕೊಡೆಯನ್ನು ಕಟ್ಟೆಯ ಮೇಲೆ ಇಟ್ಟು ಹೊರಟರು. ಯಲ್ಲಪ್ಪ ಅದನ್ನು ಎತ್ತಿಕೊಂಡು ಹತ್ತು ಹೆಜ್ಜೆ ಹಿಂದೆ ನಡೆದ. ಬಿಚ್ಚಲಿಲ್ಲ, ಎದೆಗೆ ಒತ್ತಿ ಹಿಡಿದಿದ್ದ.

ಹಗ್ಗ ಎರಡು ಮಾಡಿದೆವು. ಊರಿನ ನಾಲ್ಕು ಬಾವಿಗೆ ಒಂದು, ಕೇರಿಯ ಬಾವಿಗೆ ಒಂದು. ಹೀಗೆ ಎಂದು ಮಾಸ್ತರು ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯ ಯಾರಿಗೂ ಇರಲಿಲ್ಲ. ಮಾಸ್ತರ ಮೊಳವೇ ಅಳತೆ. ಮೊಳಕೈಯಿಂದ ನಡುಬೆರಳ ತುದಿಯವರೆಗೆ ಹಿಡಿದು ಶಾಲೆಯ ಹೊಸ್ತಿಲ ಕಲ್ಲಿನ ಮೇಲೆ ಎರಡು ಗೆರೆ ಕೊರೆಸಿದರು. ಆ ಗೆರೆಗೆ ಹಿಡಿದು ಮೊಳಕ್ಕೊಂದು ಗಂಟು. ಐದು ಮೊಳಕ್ಕೊಮ್ಮೆ ಗುರುತಿಗೆ ಅರಿವೆ ಕಟ್ಟಬೇಕಿತ್ತು. ಅವ್ವನ ಹರಿದ ಸೀರೆಯ ಕೆಂಪು ಅಂಚು ಕೇಳಿ ತಂದೆ. ಅದು ಒಂದೇ ಹಗ್ಗಕ್ಕೆ, ಊರ ಬಾವಿಗಳದಕ್ಕೆ, ಸಾಕಾಯಿತು. ತುದಿಗೆ ಮುಷ್ಟಿಗಾತ್ರದ ಒಂದು ಗುಂಡುಕಲ್ಲು.

ಮೊದಲ ಎರಡು ಸೋಮವಾರ ಎರಡು ಹಗ್ಗ ಬಳಸಿದೆವು. ಮೂರನೆಯ ಸೋಮವಾರ ಕೇರಿಯ ಬಾವಿಯ ಅಳತೆ ನಂಬುವ ಹಾಗೆ ಬರಲಿಲ್ಲ. ವಾರದಲ್ಲಿ ನೀರು ಇಳಿದಿರಬೇಕು, ಲೆಕ್ಕದಲ್ಲಿ ಅರ್ಧ ಮೊಳ ಏರಿತ್ತು. ಮಾಸ್ತರು ಆ ಹಗ್ಗವನ್ನು ಹೊಸ್ತಿಲಿಗೆ ತಂದು ಹಿಡಿದರು. ನೀರು ಕುಡಿದು ಅದು ಹಿಗ್ಗಿತ್ತು. ಗಂಟುಗಳು ಗೆರೆ ದಾಟಿ ಹೋಗಿದ್ದವು.

“ಇದು ಸುಳ್ಳ ಹೇಳಾಕತ್ತೇತಿ” ಎಂದು ಅದನ್ನು ಗೂಟಕ್ಕೆ ತೂಗುಹಾಕಿದರು. ಬಹಳ ಹೊತ್ತು ಹೊಸ್ತಿಲ ಮೇಲೆ ನಿಂತಿದ್ದರು. ನಾನು ವಹಿ ಹಿಡಿದು ಕಾಯುತ್ತಿದ್ದೆ. ಕಟ್ಟೆಯ ಮೇಲೆ ಯಲ್ಲಪ್ಪ. ಉಳಿದ ಹುಡುಗರು ಮನೆಗೆ ಹೋಗಿದ್ದರು.

“ನಡೀರಿ” ಎಂದು ಕೆಂಪು ಅರಿವೆಯ ಹಗ್ಗವನ್ನೇ ಎತ್ತಿಕೊಂಡರು.

ಕೇರಿಯ ಬಾವಿಯಲ್ಲಿ ಅದನ್ನು ಇಳಿಬಿಟ್ಟವನು ಯಲ್ಲಪ್ಪ. ಗಂಟು ಎಣಿಸಿದವನೂ ಅವನೇ. ನಾನು ಬರೆದುಕೊಂಡೆ. ಮಾಸ್ತರು ಕೆಳಗೆ ಸಹಿ ಮಾಡಿದರು. ಮುಂದಿನ ಸೋಮವಾರ ಮುಂಜಾನೆ ಅದೇ ಹಗ್ಗವನ್ನು ಗೌಡರ ಬಾವಿಗೆ ಇಳಿಸಿದೆವು, ಆಮೇಲೆ ಉಳಿದ ಮೂರಕ್ಕೆ, ಕೊನೆಗೆ ಕೇರಿಗೆ.

ಆ ಸೋಮವಾರವೇ ಅವ್ವ ಮತ್ತು ಓಣಿಯ ಹೆಂಗಸರು ಹಳ್ಳದಲ್ಲಿ ಬಟ್ಟೆ ಒಗೆದುಕೊಂಡು ಕೇರಿಯ ಪಕ್ಕದಿಂದ ಬರುತ್ತಿದ್ದರು. ಯಲ್ಲಪ್ಪ ಬಾವಿಯ ದಂಡೆಯ ಮೇಲೆ ನಿಂತು ಹಗ್ಗ ಎಳೆಯುತ್ತಿದ್ದ. ನಾನು ಮತ್ತು ಮಾಸ್ತರು ಆಚೆ ಕಡೆ, ಹುಣಸೆ ಮರದ ಕೆಳಗೆ ಇದ್ದೆವು.

“ಅಯ್ಯ, ಅದು ನನ್ನ ಸೀರಿ ಅಂಚಲ್ಲೇನ ಯವ್ವಾ!” ಎಂದು ಅವ್ವ ನಕ್ಕಳು. “ಎಲ್ಲಿಗೆ ಹೊಂಟೇತಿ ನೋಡು ಸವಾರಿ!”

ಅವಳ ಪಕ್ಕದಲ್ಲಿದ್ದವಳು ನಗಲಿಲ್ಲ. ತಲೆಯ ಮೇಲಿನ ಬಟ್ಟೆಯ ಗಂಟನ್ನು ನೆಲಕ್ಕೆ ಇಳಿಸಿದಳು. “ಮುಂಜಾನಿ ಗೌಡ್ರ ಬಾಂವ್ಯಾಗ ಬಿಟ್ಟಿದ್ದೂ ಈ ಕೆಂಪು ಅರಿವಿ ಹಗ್ಗನ ಅಲ್ಲ?” ಎಂದಳು. ಅವ್ವನ ನಗೆ ನಿಂತದ್ದು ನನಗೆ ಕಾಣಿಸಿತು. ಏಕೆ ನಿಂತಿತು ಎಂದು ಆಗ ಯೋಚಿಸಲಿಲ್ಲ.

ಇನ್ನು ಚಾವಡಿ.

ಒಳಗೆ ಗೌಡರು ಜಮಖಾನದ ಮೇಲೆ ಕುಳಿತಿದ್ದರು. ಅವರ ಎಡಕ್ಕೆ ನಮ್ಮ ಅಪ್ಪ, ಬಲಕ್ಕೆ ಊರಿನ ಹಿರಿಯರು ನಾಲ್ವರು. ಮಾಸ್ತರು ಅವರ ಎದುರಿಗೆ ನಿಂತಿದ್ದರು. ಕುಂಡ್ರಿ ಎಂದಿದ್ದರು, ಕುಳಿತಿರಲಿಲ್ಲ. ಕೊಡೆಯನ್ನು ಮೊದಲನೆಯ ಕಂಬಕ್ಕೆ ಒರಗಿಸಿದ್ದರು. ಎರಡೂ ಹಗ್ಗಗಳನ್ನು ತಾವೇ ಶಾಲೆಯಿಂದ ತಂದು ಕಾಲ ಬಳಿ ಇಟ್ಟಿದ್ದರು. ಹೊರಗೆ, ಮೆಟ್ಟಿಲ ಕೆಳಗೆ, ಬಿಸಿಲಿನಲ್ಲಿ ಯಲ್ಲಪ್ಪ ಮತ್ತು ಅವನ ಅಪ್ಪ.

“ಮಾಸ್ತರ್ರ, ನೀವು ಹೇಳ್ರಿ, ಮುಗಿಸಿ ಬಿಡೋಣು” ಎಂದರು ಗೌಡರು. “ಹೆಣ್ಮಕ್ಕಳು ಏನೇನರ ಅಂತಾರ. ಹಗ್ಗ ಒಂದೋ, ಎರಡೋ?”

“ಎರಡು” ಎಂದರು ಮಾಸ್ತರು. ತಡಮಾಡಲಿಲ್ಲ. “ಇದು ಊರ ಬಾಂವೀದು. ಇದು ಕೇರೀದು.”

“ಕೆಂಪು ಅರಿವಿ?”

“ಎರಡಕ್ಕೂ ಇತ್ತು. ಇದರದು ಬಿಚ್ಚಿ ಬಿದ್ದೇತಿ. ದೂರಿಂದ ನೋಡಿದವರಿಗೆ ಹೆಂಗ ತಿಳಿಬೇಕ್ರಿ?”

ಗೌಡರ ಮುಖ ಸಡಿಲಾಯಿತು. ಅವರಿಗೂ ಅದು ಮುಗಿದರೆ ಸಾಕಾಗಿತ್ತು; ಇದನ್ನು ನಾನು ಅವರ ಪರವಾಗಿ ಬರೆಯಲೇಬೇಕು. ಅಪ್ಪ ಎಲೆಯ ತಟ್ಟೆಯನ್ನು ಮುಂದೆ ಸರಿಸಿದ. ಒಬ್ಬ ಹಿರಿಯ ಎದ್ದು ರುಮಾಲು ಕೊಡವಿದ. ಆಗ ಗೌಡರು ನನ್ನ ಕಡೆ ನೋಡಿ ನಗುತ್ತಲೇ ಹೇಳಿದರು: “ಈ ಕಾರಕೂನನ್ನ ಒಂದು ಮಾತು ಕೇಳಿ ಬಿಡೋಣ. ವಹಿ ಹಿಡಕೊಂಡು ನಿಂತಾನ, ಪಾಪ.”

ಮಾಸ್ತರು ನನ್ನತ್ತ ತಿರುಗಿದರು. “ಅವ ಬರಕೊಂತ ಕುಂತಿದ್ನರಿ. ಮುಖ ವಹ್ಯಾಗ ಇತ್ತು. ಹಗ್ಗ ನೋಡಿಲ್ಲ” ಎಂದರು. ಆಮೇಲೆ ನನಗೆ, “ನೋಡಿದ್ದಿಲ್ಲ, ಹೌದಲ್ಲೋ ತಮ್ಮಾ?”

ಅವರ ಮುಖ ಗಂಭೀರವಾಗಿತ್ತು. ತರಗತಿಯಲ್ಲಿ ಬೇಕೆಂದೇ ತಪ್ಪು ಹೇಳಿ ಕಾಯುವಾಗ ಇರುತ್ತಿದ್ದ ಹಾಗೆಯೇ ಇತ್ತು. ಕೂದಲೆಳೆಯಷ್ಟೂ ಬೇರೆ ಇರಲಿಲ್ಲ. ನಾನು ಕಂಬಕ್ಕೆ ಒರಗಿಸಿದ್ದ ಕೊಡೆಯನ್ನು ನೋಡಿದೆ.

“ಇಲ್ರಿ ಮಾಸ್ತರ್ರ, ನೋಡೇನಿ” ಎಂದೆ.

ವಹಿ ಬಿಚ್ಚಿದೆ. ಶಾಲೆಯಲ್ಲಿ ಓದುವ ದನಿಯಲ್ಲಿಯೇ ಓದಿದೆ: ‘ಮೂರನೆಯ ಸೋಮವಾರ. ಎರಡನೆಯ ಹಗ್ಗ ನೆನೆದು ಹಿಗ್ಗುತ್ತದೆ. ಹತ್ತು ಮೊಳಕ್ಕೆ ಅರ್ಧ ಮೊಳ. ಆದ ಕಾರಣ ಇಂದಿನಿಂದ ಐದೂ ಬಾವಿಗೆ ಒಂದೇ ಹಗ್ಗ. ಕೇರಿಯ ಬಾವಿಗೆ ಇಳಿಬಿಟ್ಟವನು ಯಲ್ಲಪ್ಪ. ನಿಂತದ್ದು ದಂಡೆಯ ಮೂಡಣ ಮಗ್ಗುಲಿಗೆ. ನೋಡಿದವರು ಮಾಸ್ತರು, ನಾನು.’

“ಅಂದ್ರ ನಿನ್ನೆ ಮುಂಜಾನಿ ನಮ್ಮ ಬಾಂವಿಗೆ ಬಿಟ್ಟಿದ್ದು?” ಎಂದರು ಗೌಡರು.

“ಅದ ಹಗ್ಗರಿ.”

ತಲೆ ಎತ್ತಿ ನೋಡಿದೆ. ಮಾಸ್ತರು ಶಹಭಾಸ್ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ಬಾಗಿಲಿನ ಆಚೆಗೆ, ಬಿಸಿಲಿನಲ್ಲಿ ನಿಂತಿದ್ದ ಯಲ್ಲಪ್ಪನನ್ನು ನೋಡುತ್ತಿದ್ದರು. ತಪ್ಪು ಹಿಡಿಯುವ ಆಟ ಅದಾಗಿರಲಿಲ್ಲ ಎಂದು ನನಗೆ ತಿಳಿದದ್ದು ಆಗ.

ಗೌಡರು ಕೂಗಾಡಲಿಲ್ಲ. “ನೀವು ಸರಕಾರದ ಮನಷ್ಯಾರು. ನಿಮ್ಮ ಮ್ಯಾಲ ನಾ ಕೈ ಮಾಡೂದಿಲ್ಲ” ಎಂದು ಎದ್ದು ಬಾಗಿಲಿಗೆ ಹೋದರು. ಯಾರಾದರೂ ಹಗ್ಗ ತೆಗೆದುಕೊಳ್ಳಿ ಎಂದರು. ಯಾರೂ ಬಗ್ಗಲಿಲ್ಲ. ಆ ಹಗ್ಗವನ್ನು ಈಗ ಊರವರು ಮುಟ್ಟುವಂತಿರಲಿಲ್ಲ. ಗೌಡರು ಅದನ್ನು ಚಪ್ಪಲಿಯ ತುದಿಯಿಂದ ಮೆಟ್ಟಿಲ ಕೆಳಗೆ ತಳ್ಳಿ, ಯಲ್ಲಪ್ಪನ ಅಪ್ಪನಿಗೆ ಹೇಳಿದರು: “ನೀನ ತಗೋ. ನಿನ್ನ ಮಗಗ ನೀನ ಬುದ್ಧಿ ಹೇಳು.”

ಅವನು ತೆಗೆದುಕೊಂಡ. ಮಡಚಿ ಹಿಡಿದ. ತುದಿಯ ಕಲ್ಲನ್ನು ಯಾರೂ ಬಿಚ್ಚಿರಲಿಲ್ಲ. ಅದು ಅವನ ಮುಷ್ಟಿಯೊಳಗಿತ್ತು.

ಏಟುಗಳನ್ನು ನಾನು ಎಣಿಸಿದೆ. ಇದನ್ನು ಬರೆಯಬೇಕೋ ಬೇಡವೋ ಎಂದು ಮೂರು ದಿನ ಕುಳಿತಿದ್ದೆ. ಎಣಿಸಬೇಕೆಂದು ಎಣಿಸಲಿಲ್ಲ. ಆ ವಯಸ್ಸಿಗೆ ಕಣ್ಣ ಮುಂದೆ ಏನೇ ಬಂದರೂ ಎಣಿಸುವ ಅಭ್ಯಾಸ ಬಿದ್ದಿತ್ತು. ಆರು ಏಟು ಯಲ್ಲಪ್ಪನ ಬೆನ್ನಿಗೆ ಬಿದ್ದವು. ಅವನು ಅಳಲಿಲ್ಲ. ಅವನ ಅಪ್ಪ ಅಳುತ್ತಿದ್ದ. ಆರನೆಯದಕ್ಕೂ ಏಳನೆಯದಕ್ಕೂ ನಡುವೆ ಮಾಸ್ತರು ನನ್ನ ಪಕ್ಕದಿಂದ ಹಾದು ಮೆಟ್ಟಿಲು ಇಳಿದರು. ಓಡಲಿಲ್ಲ. ಬಲಗೈ ಅಡ್ಡ ಹಿಡಿದರು. ಯಲ್ಲಪ್ಪನ ಅಪ್ಪನ ಕೈಯಿಂದ ಹಗ್ಗದ ಮಡಿಕೆ ಜಾರಿ, ಕಲ್ಲಿನ ತುದಿ ಬೀಸಿ ಬಂದು ಮಾಸ್ತರ ಮೊಳಕೈಗೆ ಬಡಿಯಿತು. ಆ ಸದ್ದು ಕಂಬದ ಬಳಿ ನಿಂತಿದ್ದ ನನಗೆ ಕೇಳಿಸಿತು. ಅಲ್ಲಿಗೆ ನಿಂತಿತು. ಮಾಸ್ತರನ್ನು ಹೊಡೆದೆನಲ್ಲ ಎಂದು ಯಲ್ಲಪ್ಪನ ಅಪ್ಪ ಹಗ್ಗ ಬಿಟ್ಟು ನೆಲಕ್ಕೆ ಬಿದ್ದ. ಗೌಡರು “ಸಾಕು, ನಡೀರಿ” ಎಂದು ಒಳಗೆ ಬಂದರು.

ಎಲ್ಲರೂ ಹೋದ ಮೇಲೆ ಕೊಡೆ ಕಂಬಕ್ಕೆ ಒರಗಿಯೇ ಇತ್ತು. ವಹಿಯನ್ನೂ ಕೊಡೆಯನ್ನೂ ಹಿಡಿದುಕೊಂಡು ಮಠದ ಹಿಂದಿನ ಅವರ ಖೋಲಿಗೆ ಹೋದೆ. ಅದೇ ಎಂಟನೆಯ ಸಲ. ಅವರು ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಗೋಡೆಗೆ ಒರಗಿ ಕುಳಿತಿದ್ದರು. ಎರಡನ್ನೂ ಎಡಗೈಯಿಂದ ತೆಗೆದುಕೊಂಡರು.

“ಉಂಡಿಯೇನೋ?” ಎಂದರು.

“ಇಲ್ರಿ.”

“ಮನಿಗೆ ಹೋಗು. ಉಣ್ಣು.”

ಅಷ್ಟೇ. ಯುಗಾದಿ ಮುಗಿದ ಮೇಲೆ ಅವರಿಗೆ ವರ್ಗವಾಯಿತು. ಸವಣೂರು ಆಗ ನವಾಬರ ಸಂಸ್ಥಾನ. ಅದರ ಗಡಿಗೆ ಹತ್ತಿದ, ಶಿಗ್ಗಾಂವಿಯ ಕಡೆಯ ಒಂದು ಸಣ್ಣ ಹಳ್ಳಿಗೆ ಹಾಕಿದ್ದರು. ಅವರನ್ನು ಕರೆದೊಯ್ದ ಗಾಡಿ ಊರ ಅಗಸಿ ಬಾಗಿಲು ದಾಟುವಾಗ ನಾನು ನಮ್ಮ ಅಂಗಡಿಯ ಒಳಗೆ ಚೀಲಗಳ ಹಿಂದೆ ಇದ್ದೆ. ಆದ್ದರಿಂದ ಅವರು ಹಿಂದಿರುಗಿ ನೋಡಿದರೋ ಇಲ್ಲವೋ ಹೇಳಲಾರೆ. ಅವ್ವ ಆ ಸೀರೆಯ ಉಳಿದ ತುಂಡನ್ನು ಒಲೆಗೆ ಹಾಕಿದಳು. ಊರಿನ ನಾಲ್ಕೂ ಬಾವಿಗಳ ನೀರು ತೆಗೆಸಿ ಚೆಲ್ಲಿದರು. ಯಲ್ಲಪ್ಪ ಕಟ್ಟೆಯ ಮೇಲೆ ಮತ್ತೆ ಬಂದು ಕೂರಲಿಲ್ಲ. ಕೆಂಪು ಅರಿವೆಯ ಹಗ್ಗ ಬಿದ್ದಲ್ಲೇ ಎರಡು ದಿನ ಬಿದ್ದಿತ್ತು. ಆಮೇಲೆ ಕಾಣಲಿಲ್ಲ.

ನಾನು ಮುಲ್ಕಿ ಪಾಸಾಗಿ, ಕೆಲವು ವರ್ಷ ಕಳೆದ ಮೇಲೆ ಮೋಜಣಿ ಖಾತೆಗೆ ಸೇರಿದೆ. ಹೊಲಗಳ ಮೇಲೆ ಸರಪಳಿ ಎಳೆದು ಬರೆಯುವ ಕೆಲಸ. ಸ್ವಾತಂತ್ರ್ಯ ಬರುವ ಹಿಂದಿನ ವರ್ಷ, ಶಿಗ್ಗಾಂವಿಯ ಸಂತೆಯ ದಿನ, ಒಂದು ಚಹದಂಗಡಿಯ ಮುಂದೆ ಮಾಸ್ತರು ಬೆಂಚಿನ ತುದಿಯಲ್ಲಿ ಕುಳಿತಿದ್ದುದನ್ನು ಕಂಡೆ. ಅದೇ ಕೋಟು ಅಲ್ಲ, ಆದರೆ ಅದೇ ಬಿಳಿ ಪುಡಿ. ಗುರುತು ಹಿಡಿದರು. ಸರಿದು ಜಾಗ ಮಾಡಿಕೊಟ್ಟರು. ಬಟ್ಟಲು ಎಡಗೈಯಲ್ಲಿತ್ತು. ಬಲ ಮೊಳಕೈ ಪೂರ್ತಿ ಚಾಚುತ್ತಿರಲಿಲ್ಲ. ನಾನು ಅದನ್ನೇ ನೋಡುತ್ತಿರುವುದು ಅವರಿಗೆ ತಿಳಿಯಿತು.

“ಈಗ ನನ್ನ ಮೊಳ ನಂಬಬ್ಯಾಡಪಾ” ಎಂದು ನಕ್ಕರು. “ಎರಡು ಬೆರಳ ಕಡಿಮಿ ಆಗೇತಿ.”

ಅವರು ಎಲೆಯ ನಾರು ಬಿಡಿಸುತ್ತ, ನಿನ್ನೆ ಬಿಟ್ಟ ಪಾಠ ಮುಂದುವರಿಸುವವರ ಹಾಗೆ ಕೇಳಿದರು: “ಆ ಬ್ಯಾಸಗಿ ಯಾವ ಬಾಂವಿ ಮೊದಲ ಬತ್ತಿತೋ?”

ಆ ಮಂಗಳವಾರದ ನಂತರ ನಾನು ಯಾವ ಬಾವಿಯನ್ನೂ ಬಗ್ಗಿ ನೋಡಿರಲಿಲ್ಲ.

“ನೋಡಲಿಲ್ರಿ” ಎಂದೆ.

“ಹ್ಞಾಂ. ಹಂಗ ಬರಿ.”

ಕೇಳಬಾರದು ಎಂದುಕೊಂಡಿದ್ದರೂ ಆಗ ಬಾಯಿಗೆ ಬಂತು. “ನೀವ ಕಲಿಸಿದ್ದು ಹೇಳಿದೆ ಮಾಸ್ತರ್ರ. ಕಂಡದ್ದನ್ನ ಕಂಡಂಗ ಹೇಳು ಅಂತಿದ್ರಿ. ನೀವ ಯಾಕ ಎರಡು ಅಂದ್ರಿ?”

ಅವರು ನಾರು ಬಿಡಿಸಿದ ಎಲೆಯನ್ನು ಮಡಚಿದರು. ಸಿಟ್ಟು ಕಾಣಲಿಲ್ಲ. “ಮೂರು ಪ್ರಶ್ನೆ ಕಲಿಸಿದ್ದೆ ನಿಮಗ” ಎಂದರು. “ಒಂದು ಬಿಟ್ಟಿದ್ದೆ. ಕೇಳಾಕತ್ತವರು ಯಾರು, ಯಾಕ ಕೇಳಾಕತ್ತಾರ. ಅದು ನನಗೂ ಚಾವಡಿಗೆ ಹ್ವಾದ ಮ್ಯಾಲ ಹೊಳೀತು. ನಿನ್ನ ತಪ್ಪು ಅರ್ಧ, ನನ್ನದು ಅರ್ಧ. ಚಹಾ ಆರಾಕತ್ತೇತಿ, ಕುಡಿ.”

ಅರ್ಧ ಎಂದರು. ಅದು ಅವರು ಅಳೆದು ಹೇಳಿದ ಮಾತೋ, ನನ್ನನ್ನು ಸಮಾಧಾನ ಮಾಡಲು ಹೇಳಿದ್ದೋ, ಕೇಳಲಿಲ್ಲ. ಅವರನ್ನು ಮತ್ತೆ ನೋಡಲೂ ಇಲ್ಲ. ಹಾನಗಲ್ಲಿಗೆ ಕೆಲಸದ ಮೇಲೆ ಎರಡು ಸಲ ಹೋಗಿದ್ದೆ. ಅವರ ಓಣಿಯ ತನಕ ಹೋಗಿ ತಿರುಗಿ ಬಂದೆ.

ಕಾರ್ಡು ಬಂದ ಮರುವಾರ ಊರಿಗೆ ಹೋದೆ. ಯಲ್ಲಪ್ಪ ಮನೆಯ ಮುಂದೆ ಕುಳಿತು ಎತ್ತಿನ ಮೂಗುದಾರ ಹೊಸೆಯುತ್ತಿದ್ದ. ಇಷ್ಟು ವರ್ಷದಲ್ಲಿ ಸಂತೆಯಲ್ಲಿ, ಬಸ್ಸಿನಲ್ಲಿ ಎದುರಾದಾಗ ಆರಾಮ ಏನು ಎಂದದ್ದುಂಟು. ಕುಳಿತು ಮಾತಾಡಿದ್ದಿಲ್ಲ. ಮಾಸ್ತರು ಹೋದರು ಎಂದೆ. ಅವನು ಕೈಯಲ್ಲಿದ್ದುದನ್ನು ಕೆಳಗಿಟ್ಟು ತಲೆಯ ಮೇಲಿನ ಟವೆಲು ತೆಗೆದ.

“ಕುಂಡ್ರು” ಎಂದ. ಒಳಗಿನಿಂದ ನೀರು ತಂದುಕೊಟ್ಟ. ನಾನು ಕುಡಿಯುವ ತನಕ ನೋಡುತ್ತಿದ್ದ.

ಸ್ವಲ್ಪ ಹೊತ್ತಿನ ಮೇಲೆ, ಶಿಗ್ಗಾಂವಿಯಲ್ಲಿ ಮಾಸ್ತರು ಕೇಳಿದ್ದನ್ನು ಅವನಿಗೆ ಹೇಳಿದೆ.

“ಬಾಂವಿ?” ಎಂದ ಅವನು. “ಗೌಡ್ರದು ಮೊದಲ ಬತ್ತಿತು. ಆ ವರ್ಷ ಮಳಿ ಎರಡು ವಾರ ತಡಾ. ನಮ್ಮದು ಬತ್ತಲಿಲ್ಲ. ಕಡೀ ಸೋಮವಾರ ಹದಿನೇಳು ಮೊಳಕ್ಕ ನೀರು ಇತ್ತು.”

“ನಿನಗ ಹೆಂಗ ಗೊತ್ತು?”

“ಅಳೀತಿದ್ದೆ. ಹಗ್ಗ ಯಾರೂ ಮುಟ್ಟಲಿಲ್ಲಲ್ಲ, ನಮ್ಮ ಮನಿಗೆ ಬಂತು. ಸೋಮವಾರಕ್ಕೊಮ್ಮೆ ಬಿಡ್ತಿದ್ದೆ, ಮಳಿ ಹಿಡಿಯೂ ಮಟ. ಬರಿಯಾಕ ವಹಿ ಇದ್ದಿದ್ದಿಲ್ಲ. ನೆನಪಿನ್ಯಾಗ ಇಟ್ಟೇನಿ.”

ಮಾಸ್ತರಿಗೆ ಅದನ್ನು ತಿಳಿಸಲು ಇಬ್ಬರಲ್ಲಿ ಒಬ್ಬರೂ ಹೋಗಿರಲಿಲ್ಲ.

ಏಳುವ ಮುನ್ನ, ಕೇಳಲೇಬೇಕು ಎಂದು ಬಂದಿದ್ದ ಮಾತು ಕೇಳಿದೆ. “ಯಲ್ಲಪ್ಪಾ, ಆವತ್ತು ನಾ ಓದಿದ್ದರಾಗ ಏನರ ತಪ್ಪಿತ್ತೇನು? ಹಗ್ಗ ಒಂದ ಅಲ್ಲ?”

ಅವನು ಮೂಗುದಾರ ಕೈಗೆತ್ತಿಕೊಂಡ. ಹುರಿ ಬಿಗಿ ಮಾಡಿದ. ನನ್ನ ಮುಖ ನೋಡಲಿಲ್ಲ.

“ಎರಡು” ಎಂದ. “ಮಾಸ್ತರು ಎರಡು ಅಂದಾರ. ಎರಡ.”

ಚಾವಡಿಯಲ್ಲಿ ಆ ದಿನ ಇದ್ದ ಗೌಡರು ತೀರಿಕೊಂಡಿದ್ದಾರೆ. ನಾಲ್ವರು ಹಿರಿಯರೂ ಇಲ್ಲ. ನನ್ನ ಅಪ್ಪ ಇಲ್ಲ. ಯಲ್ಲಪ್ಪನ ಅಪ್ಪ ಅದಕ್ಕೂ ಮೊದಲೇ ಹೋದ. ಮಾಸ್ತರು ಹೋದ ತಿಂಗಳು ಹೋದರು. ನಾನು ಹಿರೇಕೆರೂರಿನಲ್ಲಿ, ಓಣಿಯ ಕೊನೆಯ ಮನೆಯಲ್ಲಿದ್ದೇನೆ. ಕಂಡದ್ದನ್ನು ಕಂಡ ಹಾಗೆ ಇಲ್ಲಿ ಬರೆದಿದ್ದೇನೆ, ಐದೂ ಬಾವಿಗೆ ಇಳಿದ ಹಗ್ಗ ಒಂದೇ. ಕಂಡವರಲ್ಲಿ ಇನ್ನೊಬ್ಬ ಬದುಕಿದ್ದಾನೆ. ಅವನು ಯಲ್ಲಪ್ಪ. ಕೇರಿಯ ಬಾವಿಯ ಮೂಡಣಕ್ಕೆ ಮೂರನೆಯ ಮನೆ. ಅವನು ಎರಡು ಎನ್ನುತ್ತಾನೆ.